ಮುತ್ಯಾ ಕಣ್ಣು ಮುಚ್ಚಿದ ದಿನ

ಕರಜಗಿಯ ಬಸಗೊಂಡ ಇಲ್ಲಿಯವರೆಗೆ ಸಾವಿರದ ಒಂಬತ್ತು ಮಂದಿ ಸತ್ತವರ ಕಣ್ಣು ತೆರೆಸಿದ್ದಾನೆ. ಅವರಲ್ಲಿ ಮೂವರು ಅವನ ಜೊತೆ ಮಾತಾಡಿದ್ದಾರೆ. ಒಬ್ಬಾಕೆ ಚಹಾಕ್ಕೆ ಸಕ್ಕರೆ ಕಡಿಮೆ ಬಿದ್ದಿದೆ ಎಂದು ಮುಖ ಸಿಂಡರಿಸಿದ್ದಾಳೆ. ಸೊರಡಿಯ ಅಣ್ಣಾರಾಯನಂತೂ ಜೀವ ಹೋಗಿ ಐದು ತಾಸಾದ ಮೇಲೆ, ಕ್ಯಾಮೆರಾ ಕಂಡೊಡನೆ, ಕೈಯೆತ್ತಿ ತನ್ನ ರುಮಾಲನ್ನು ತಾನೇ ಸರಿಮಾಡಿಕೊಂಡು ಮತ್ತೆ ಸತ್ತಿದ್ದಾನೆ. ನಂಬದವರು ಹೋಗಿ ಬಸಗೊಂಡನನ್ನೇ ಕೇಳಬಹುದು. ಕೇಳಿದವರಿಗೆ ಅವನು ಮಾತಾಡಿದವರು ಮೂವರಲ್ಲ, ನಾಲ್ವರು ಎಂದು ಹೇಳಿ ಕಳಿಸುತ್ತಾನೆ.

ಬಸ್ ಸ್ಟ್ಯಾಂಡಿನ ಎದುರು, ಇ-ಸೇವಾ ಕೇಂದ್ರದ ಮಗ್ಗುಲಲ್ಲಿ ಅವನ ಫೋಟೊ ಸ್ಟುಡಿಯೊ. ಎಂಟಡಿ ಅಗಲ, ಹತ್ತಡಿ ಉದ್ದ. ಅವನ ಬಾಯಲ್ಲಿ ಮಾತ್ರ ಸಾಂಗಲಿ, ಮಿರಜ, ಸೊಲ್ಲಾಪುರದ ಸ್ಟುಡಿಯೊಗಳನ್ನೆಲ್ಲ ಒಟ್ಟಿಗೆ ತಂದು ಇಟ್ಟರೂ ಒಂದು ಮೂಲೆ ಖಾಲಿ ಉಳಿಯುವಷ್ಟು ದೊಡ್ಡದು. ಮದುವೆ, ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳ, ಶಾಲೆಯ ಫಾರ್ಮಿನ ಫೋಟೊ, ಎಲ್ಲವನ್ನೂ ತೆಗೆಯುತ್ತಾನೆ. ಆದರೆ ಹೆಸರು ಬಂದದ್ದು ಸತ್ತವರಿಂದ.

ಈ ಕಡೆಯ ಶೈವರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಹೊಸ ಧೋತರ ಉಡಿಸಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮುಂದೆ ಭಜನೆಯವರು ಕೂಡುತ್ತಾರೆ. ಬೀಗರು ಬಂದು ಸೇರುವುದರೊಳಗೆ ಬಸಗೊಂಡನಿಗೆ ಕರೆ ಹೋಗುತ್ತದೆ. ಅವನು ಬಂದು, ಕೊನೆಯ ಫೋಟೊ ತೆಗೆದು, ಅಂಗಡಿಗೆ ಒಯ್ದು, ಮೂಗಿನ ಹತ್ತಿ ಅಳಿಸಿ, ದವಡೆಗೆ ಕಟ್ಟಿದ ಬಟ್ಟೆ ಅಳಿಸಿ, ಮುಚ್ಚಿದ ಕಣ್ಣು ತೆರೆಸಿ, ಹಿಂದೆ ನೀಲಿ ಆಕಾಶ ಹಾಕಿ, ಚೌಕಟ್ಟು ಕಟ್ಟಿಸಿ ಕೊಡುತ್ತಾನೆ. ಹನ್ನೊಂದನೆಯ ದಿನಕ್ಕೆ ಸತ್ತವನು ಗೋಡೆಯ ಮೇಲಿಂದ ಮನೆಮಂದಿಯನ್ನು ಪಿಳಿಪಿಳಿ ನೋಡುತ್ತಿರುತ್ತಾನೆ. ಬಸಗೊಂಡ ತೆರೆಸಿದ ಕಣ್ಣು ಯಮನಿಂದಲೂ ಮುಚ್ಚಿಸಲಾಗುವುದಿಲ್ಲ ಎಂಬ ಮಾತು ಅವನದೇ.

ಅವನು ಈ ಕೆಲಸ ಮಾಡುತ್ತಿದ್ದದ್ದು ಹದಿನಾಲ್ಕು ವರ್ಷದ ಹಿಂದಿನ ಒಂದು ಸಾಫ್ಟ್‌ವೇರಿನಲ್ಲಿ. ವಿಜಯಪುರದ ಶಿವಶರಣ ಎಂಬಾತ ಹಾಕಿಕೊಟ್ಟದ್ದು. ಅದಕ್ಕೆ ಕಂಪನಿ ಇಟ್ಟ ಹೆಸರು ಬಸಗೊಂಡನಿಗೆ ನಾಲಿಗೆಗೆ ಹತ್ತದೆ, ಅವನು ಅದನ್ನು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದ. ಮುತ್ಯಾನದೊಂದು ರೀತಿ ಇತ್ತು. ಮೂಲ ಫೋಟೊವನ್ನು ಅದು ಮುಟ್ಟುತ್ತಿರಲಿಲ್ಲ. ಅದನ್ನು ಅಡಿಯಲ್ಲಿ ಇದ್ದ ಹಾಗೆಯೇ ಇಟ್ಟು, ಬಸಗೊಂಡ ಮಾಡಿದ ಕೈಚಳಕವನ್ನೆಲ್ಲ ಮೇಲೆ ತೆಳು ಪರದೆಯಂತೆ ಹೊದಿಸುತ್ತಿತ್ತು. ಆ ಪರದೆಯನ್ನು ಓದಿ ತೋರಿಸಲು ಬರುತ್ತಿದ್ದದ್ದು ಮುತ್ಯಾನಿಗೆ ಮಾತ್ರ. ಉಳಿದ ಸ್ಟುಡಿಯೊದವರು ಮುಗಿದ ಫೋಟೊವನ್ನು ಬೇರೆ ಫೈಲಾಗಿ ತೆಗೆದಿಡುತ್ತಾರೆ. ಬಸಗೊಂಡ ಇಡಲಿಲ್ಲ. "ಹೊರಗ ತಗದಿಟ್ಟರ ಜತ್ತದ ಸ್ಟುಡಿಯೊದವರು ನನ್ನ ಕಣ್ಣ ಕದೀತಾರ" ಎನ್ನುತ್ತಿದ್ದ.

ಬುಧವಾರ ಮಧ್ಯಾಹ್ನ ಸೊರಡಿಯ ಚನ್ನವ್ವ ಒಂದು ಟವಲಿನ ಗಂಟು ಹಿಡಿದು ಅಂಗಡಿಗೆ ಬಂದಳು. ಅಣ್ಣಾರಾಯನ ಹೆಂಡತಿ. ಅಣ್ಣಾರಾಯ ತೀರಿಕೊಂಡು ಬರುವ ಸೋಮವಾರಕ್ಕೆ ವರ್ಷ. ಗಂಟು ಬಿಚ್ಚಿದರೆ ಒಳಗೆ ಬಸಗೊಂಡ ಕಟ್ಟಿಸಿಕೊಟ್ಟ ಫೋಟೊ. ಗಾಜು ಪುಡಿಯಾಗಿತ್ತು. ಮುಖದ ಜಾಗದಲ್ಲಿ ಅಂಗೈ ಅಗಲದ ತೂತು.

"ಏನಾತ್ರಿ ಎವ್ವಾ?"

"ಟಗರ ಗುದ್ದೈತಿ."

"ಯಾವ ಟಗರ?"

"ಅವ್ರದ. ಮಾಡಗ್ಯಾಳದಿಂದ ಮರಿ ಇದ್ದಾಗ ತಂದಿದ್ದರಲ್ಲ. ಅವ್ರ ಕೈಯಾಗ ಹಾಲ ಕುಡದ ಬೆಳದದ್ದ. ಪುಣ್ಯತಿಥಿ ಬಂತಂತ ಫೋಟೊ ಇಳಿಸಿ, ಒರಸಾಕಂತ ಕಟ್ಟಿ ಮ್ಯಾಲ ಇಟ್ಟೆ. ಅಂಗಳದಾಗಿಂದ ನೋಡತು. ಹಿಂದಕ್ಕ ಸರೀತು. ಓಡಿ ಬಂದು ಮುಖದ ಮ್ಯಾಲನ ಕೊಟ್ಟತು."

ಮಾಡಗ್ಯಾಳದ ಟಗರಿಗೆ ಕೋಡು ಇರುವುದಿಲ್ಲ; ಆದರೆ ಗಿಣಿಮೂಗಿನ ಆ ಹಣೆ ಬಂಡಿಗಾಲಿಯಷ್ಟು ಗಟ್ಟಿ. ಬಸಗೊಂಡ ಹೊಟ್ಟೆ ಹಿಡಿದು ನಕ್ಕ. "ಗಾಜಿನಾಗ ತನ್ನ ಮಾರಿ ಕಂಡಿರಬೇಕ್ರಿ. ಇನ್ನೊಂದ ಟಗರ ಬಂತಂತ ತಿಳೀತದು."

ಚನ್ನವ್ವ ನಗಲಿಲ್ಲ. "ಅವ್ರು ಜ್ವರ ಬಂದ ಮಲಗಿದಾಗ ಹೊಸ್ತಿಲಾ ಬಿಟ್ಟು ಏಳಲಿಲ್ಲ ಅದು. ಅವ್ರ ಮಾರಿ ಅದಕ್ಕ ಗುರ್ತ ಹತ್ತಬಾರದೇನೊ ಬಸಗೊಂಡಾ?"

ಬಸಗೊಂಡನ ನಗೆ ಅರ್ಧಕ್ಕೆ ನಿಂತಿತು. ಕೂಡಲೇ ಮಾತು ಎತ್ತರಕ್ಕೇರಿಸಿದ. ಚಿಂತೆ ಮಾಡುವ ಕಾರಣವೇ ಇಲ್ಲ, ಅಣ್ಣಾರಾಯ ಕಾಕಾ ಕಂಪ್ಯೂಟರಿನಲ್ಲಿ ಭದ್ರವಾಗಿ ಕುಳಿತಿದ್ದಾನೆ, ಸಾಂಗಲಿಗೆ ಕೃಷ್ಣಾ ಹೊಳೆ ನುಗ್ಗಿ ಕರಜಗಿಯವರೆಗೆ ಬಂದರೂ ಅವನ ಧೋತರದ ಅಂಚು ತೊಯ್ಯುವುದಿಲ್ಲ, ಈ ಸಲ ಇಷ್ಟು ಸಣ್ಣದಲ್ಲ, ಬಾಗಿಲಿನಷ್ಟು ದೊಡ್ಡ ಫೋಟೊ ಕೊಡುತ್ತೇನೆ, ನಾಳೆ ನಾಲ್ಕು ಗಂಟೆಗೆ ಬನ್ನಿ, ಎಂದ.

"ಬಾಗಲದಷ್ಟ ಬ್ಯಾಡ. ಅವ್ರ ಮುಖಾ ಇದ್ದರ ಸಾಕು," ಎಂದಳು ಚನ್ನವ್ವ. "ಮತ್ತೊಂದ ಫೋಟೊ ಇಲ್ಲಪಾ ನನ್ನ ಕಡೆ."

ಅದು ಬಸಗೊಂಡನಿಗೂ ಗೊತ್ತಿತ್ತು. ಫೋಟೊ ತೆಗೆಸಿಕೊಂಡಷ್ಟೂ ಆಯುಷ್ಯ ಸೋರುತ್ತದೆ ಎಂದು ನಂಬಿದ ಮನುಷ್ಯ ಅಣ್ಣಾರಾಯ. ಮಕ್ಕಳ ಮದುವೆಯಲ್ಲೂ ಕ್ಯಾಮೆರಾ ಕಂಡರೆ ಟವಲಿನಲ್ಲಿ ಮುಖ ಮುಚ್ಚಿಕೊಂಡವನು. ಅವನದೆಂದು ಉಳಿದದ್ದು ಆಧಾರ್ ಕಾರ್ಡಿನ ಉಗುರಗಲದ ಚಿತ್ರ. ಹೊತ್ತಿದ ರೊಟ್ಟಿಯ ತುಣುಕಿನ ಹಾಗೆ ಕರ್ರಗೆ, ಕಣ್ಣು ಯಾವುದು ಮೀಸೆ ಯಾವುದು ತಿಳಿಯದಂಥದ್ದು. ಸತ್ತ ದಿನ ಅಣ್ಣಾರಾಯನ ಅಣ್ಣನ ಮಕ್ಕಳು ಮೊಬೈಲು ತೆಗೆದಿದ್ದರು. ಆಗ ಬಸಗೊಂಡನೇ ಕೈ ಬೀಸಿ ಗದರಿಸಿದ್ದ: "ಒಬ್ಬರೂ ಮೊಬೈಲ್ ತಗೀಬಾರದು! ನನ್ನ ಲೈಟ್ ಕೆಡತೈತಿ. ನಾ ಇದ್ದಲ್ಲಿ ಎರಡನೇ ಕ್ಯಾಮೆರಾ ನಡಿಯೂದಿಲ್ಲ!" ಅವರು ಪಾಪ, ಮೊಬೈಲುಗಳನ್ನು ಕಿಸೆಗೆ ಹಾಕಿಕೊಂಡಿದ್ದರು.

ಗುರುವಾರ ಬೆಳಿಗ್ಗೆ ಬಾಗಿಲಿನಷ್ಟು ದೊಡ್ಡ ಫೋಟೊಕ್ಕಾಗಿ ಅವನು ಹೊಸ ಪ್ರಿಂಟರನ್ನು ಕಂಪ್ಯೂಟರಿಗೆ ಜೋಡಿಸಿದ. ಪ್ರಿಂಟರು ಕೆಂಪು ದೀಪ ಮಿಣುಕಿಸಿತು. ಪರದೆಯ ಮೇಲೆ ಏನೋ ಬರಹ ಬಂತು. ಪಕ್ಕದ ಇ-ಸೇವಾ ಕೇಂದ್ರ ನಡೆಸುವ ಪಂಚಶೀಲಾಳನ್ನು ಕರೆದ. ಇಪ್ಪತ್ತಾರರ ಹುಡುಗಿ. ಅರ್ಧ ತಾಲೂಕಿನ ಹೊಲದ ಉತಾರೆ, ದಾಖಲೆ ಅವಳ ಬೆರಳ ತುದಿಯಲ್ಲಿ.

"ಕಾಕಾ, ನಿಮ್ಮ ಕಂಪ್ಯೂಟರ್ ಭಾಳ ಹಳೇದೈತಿ ಅಂತೈತಿ ಇದು. ಸಿಸ್ಟಿಮ್ ಅಪ್‌ಡೇಟ್ ಮಾಡಿದರ ಮಾತ್ರ ಪ್ರಿಂಟರ್ ನಡೀತೈತಂತ."

"ಮಾಡಿದರಾತು. ಅದೇನ ದೊಡ್ಡದು?"

"ಮೂರ ವರ್ಷದಿಂದ ಕೇಳಾಕತ್ತೈತಿ, ಬ್ಯಾಡ ಬ್ಯಾಡ ಅಂತ ಒತ್ತೀರಿ ನೀವು. ಹಳೇ ಸಾಫ್ಟ್‌ವೇರ್ ಇದ್ದರ ತಾಳ್ರಿ, ಮೊದಲ ಕಾಪಿ ತಕ್ಕೊಳ್ರಿ."

"ಕಾಪಿ? ಏ ತಂಗಿ, ಮೂರ ಕಡೆ ಕಾಪಿ ಅದಾವ ನಂದು. ಒಂದ ಇಲ್ಲಿ, ಒಂದ ಮನ್ಯಾಗ, ಒಂದ ಪುಣೆ ಬ್ಯಾಂಕಿನ ಲಾಕರಿನಾಗ," ಎಂದು ಹೇಳಿ ಬಸಗೊಂಡ ಗುಂಡಿ ಒತ್ತಿಯೇ ಬಿಟ್ಟ.

ಪರದೆ ಕಪ್ಪಾಯಿತು. ನಡುವೆ ಕೂದಲೆಳೆಯಂಥ ಒಂದು ಬಿಳಿ ಗೆರೆ ಮೂಡಿ, ಇರುವೆಗಿಂತ ನಿಧಾನವಾಗಿ ಬೆಳೆಯತೊಡಗಿತು. ಹತ್ತಾಯಿತು, ಹನ್ನೊಂದಾಯಿತು. ಹೊರಗೆ ಶಿವರಾತ್ರಿ ಕಳೆದ ಬಿಸಿಲು. ಗಾಳಿ ಎದ್ದು ರಸ್ತೆಯ ಧೂಳನ್ನೆಲ್ಲ ಒಂದು ಕಂಬದಷ್ಟು ಎತ್ತರಕ್ಕೆ ತಿರುಗಿಸಿ, ಸ್ಟುಡಿಯೊದ ಹೊಸ್ತಿಲವರೆಗೆ ತಂದು, ಒಳಗೆ ಬರದೆ ಅಲ್ಲಿಯೇ ಸುರುವಿ ಹೋಯಿತು. ಬಸಗೊಂಡ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ. ಕಪ್ಪು ಪರದೆಯ ಗಾಜಿನಲ್ಲಿ ಅವನ ಮುಖವೇ ಕಾಣುತ್ತಿತ್ತು. ಕಣ್ಣಿದ್ದ ಜಾಗದಲ್ಲಿ ಬರೀ ಎರಡು ಗುಳಿ. ಅವನು ಕುರ್ಚಿಯನ್ನು ಬದಿಗೆ ಸರಿಸಿ ಕುಳಿತ. ಮುಖವೂ ಸರಿಯಿತು.

ಒಂದು ಗಂಟೆಗೆ ಕಂಪ್ಯೂಟರು ಎದ್ದಿತು. ಹೊಸ ಬಣ್ಣ, ಹೊಸ ಅಕ್ಷರ. ಮುತ್ಯಾನ ಗುರುತು ಮೂಲೆಯಲ್ಲಿತ್ತು, ಆದರೆ ಅದರ ಮೇಲೆ ಅಡ್ಡಲಾಗಿ ಒಂದು ಗೆರೆ. ಮತದಾರರ ಯಾದಿಯಲ್ಲಿ ಸತ್ತವರ ಹೆಸರಿನ ಮೇಲೆ ಎಳೆಯುತ್ತಾರಲ್ಲ, ಅಂಥದ್ದು. ಬಸಗೊಂಡ ಒತ್ತಿದ. ಇದು ಇನ್ನು ಈ ಸಿಸ್ಟಿಮಿನಲ್ಲಿ ತೆರೆಯುವುದಿಲ್ಲ ಎಂದು ಬಂತು. ಮತ್ತೆ ಒತ್ತಿದ, ಅದೇ ಬಂತು. ಕಂಪ್ಯೂಟರು ಆರಿಸಿ, ವಾಯರು ಕಿತ್ತು, ನೂರು ಎಣಿಸಿ, ವಿಭೂತಿ ಬಳಿದು ಮತ್ತೆ ಚಾಲು ಮಾಡಿದ. ಗೆರೆ ಅಲ್ಲಿಯೇ ಇತ್ತು.

ಅಷ್ಟರಲ್ಲಿ ಹೊಸ ಸಿಸ್ಟಿಮಿನ ಜೊತೆಗೆ ಬಂದ ಇನ್ನೊಂದು ಸಾಫ್ಟ್‌ವೇರು, ನಿಮ್ಮ ಹಳೆಯ ಫೋಟೊಗಳು ಸಿಕ್ಕಿವೆ, ತೋರಿಸಲೇ ಎಂದು ತಾನಾಗಿಯೇ ಕೇಳಿತು. ಬಸಗೊಂಡನಿಗೆ ಜೀವ ಬಂದಂತಾಯಿತು. ಹೂಂ ಎಂದು ಒತ್ತಿದ.

ಫೋಟೊಗಳು ಒಂದೊಂದಾಗಿ ಬಂದು ಸಾಲುಗಟ್ಟಿದವು. ಮೊದಲನೆಯದು ಕರಜಗಿಯ ಬೀರದೇವನದು. ಕಣ್ಣು ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು. ಮೂರನೆಯದರ ದವಡೆಗೆ ಬಿಳಿ ಬಟ್ಟೆ ಮತ್ತೆ ಬಂದು ಕಟ್ಟಿಕೊಂಡಿತ್ತು. ನಾಲ್ಕನೆಯದರ ಮೂಗಿನಲ್ಲಿ ಹತ್ತಿ. ನೀಲಿ ಆಕಾಶಗಳೆಲ್ಲ ಹೋಗಿ ಮಸಿ ಹಿಡಿದ ಗೋಡೆಗಳು, ಗೂಟಕ್ಕೆ ತೂಗಿದ ಚೀಲಗಳು, ಹಿಂದೆ ನಿಂತು ಹೆಣದ ಹೆಗಲು ಹಿಡಿದವರ ಬೆರಳುಗಳು. ಹದಿನಾಲ್ಕು ವರ್ಷ ತೆರೆಸಿದ್ದ ಕಣ್ಣುಗಳೆಲ್ಲ ಒಂದೇ ಮಧ್ಯಾಹ್ನ ಮುಚ್ಚಿಕೊಂಡಿದ್ದವು. ಇನ್ನೂ ಬದುಕಿರುವ ಮಾಡಗ್ಯಾಳದ ಅಪ್ಪಾಸಾಬನ ಮಗ್ಗುಲಲ್ಲಿ, ಎಂದೋ ತೀರಿಹೋದ ಅವನ ಹೆಂಡತಿಯನ್ನು ಬಸಗೊಂಡ ಕೂಡಿಸಿಕೊಟ್ಟಿದ್ದ. ಈಗ ಆಕೆ ಇರಲಿಲ್ಲ. ಅಪ್ಪಾಸಾಬ ಮಾತ್ರ ನಗುತ್ತ, ಖಾಲಿ ಗಾಳಿಯ ಹೆಗಲ ಮೇಲೆ ಕೈಯಿಟ್ಟು ಕುಳಿತಿದ್ದ.

ಬಸಗೊಂಡನಿಗೆ ಬೆವರು ಕಿತ್ತು ಬಂತು. ಎಷ್ಟು ಬಂತೆಂದರೆ ಕುರ್ಚಿಯ ಕೆಳಗೆ ಒಂದು ಕೆರೆಯೇ ಆಗಿ ಅದರಲ್ಲಿ ಎಮ್ಮೆ ಈಸಬಹುದಿತ್ತು.

"ಆತೇನ್ರಿ ಕಾಕಾ?" ಎನ್ನುತ್ತ ಪಂಚಶೀಲಾ ಒಳಗೆ ಬಂದಳು. ಪರದೆ ನೋಡಿ ಅಲ್ಲಿಯೇ ನಿಂತಳು. ಎರಡನೆಯ ಸಾಲಿನಲ್ಲಿ ಅವಳ ಅಜ್ಜಿ ಬಾಳಾಬಾಯಿ ಇದ್ದಳು. ಅವರ ಮನೆತನದಲ್ಲಿ ಕೂಡಿಸುವ ಪದ್ಧತಿಯಿಲ್ಲ. ಬಿಳಿ ಸೀರೆ ಉಟ್ಟು ಮಲಗಿದ್ದ ಮುದುಕಿಯನ್ನು ಬಸಗೊಂಡ ಎಬ್ಬಿಸಿ, ಕೂಡಿಸಿ, ಕೈಯಲ್ಲಿ ತಾವರೆ ಕೊಟ್ಟು, ಕಣ್ಣು ತೆರೆಸಿದ್ದ. ಆ ಫೋಟೊ ಈಗಲೂ ಪಂಚಶೀಲಾಳ ಮನೆಯಲ್ಲಿ ಬುದ್ಧನ ಮೂರ್ತಿಯ ಕೆಳಗಿತ್ತು.

"ಅಜ್ಜೀನ ಮತ್ತ ಮಲಗಿಸಿಬಿಟ್ರಲ್ಲ," ಎಂದಳು ಮೆಲ್ಲಗೆ.

"ನಾ ಅಲ್ಲ ತಂಗಿ. ಅಪ್‌ಡೇಟ್."

"ಲಾಕರಿನಾಗ ಕಾಪಿ ಐತೆಲ್ಲ? ತರಸ್ರಿ."

ಬಸಗೊಂಡ ವಿಜಯಪುರದ ಶಿವಶರಣನಿಗೆ ಫೋನು ಹಚ್ಚಿದ. ಅವಸರದಲ್ಲಿ ಸ್ಪೀಕರಿನ ಗುಂಡಿ ಒತ್ತಿತು. ಶಿವಶರಣನ ದನಿ ಅಂಗಡಿಯ ತುಂಬ ಕೇಳಿಸಿತು.

"ಆ ಕಂಪನಿ ಬಾಗಲಾ ಹಾಕಿ ಆರ ವರ್ಷ ಆತಲ್ಲೊ ಮಾರಾಯಾ. ಹೊಸ ಸಿಸ್ಟಿಮಿನಾಗ ಅದು ಹತ್ತೂದಿಲ್ಲ. ನೀ ಮಾಡಿದ ಕೆಲಸಾ ಅದಕ್ಕೊಂದಕ್ಕ ಓದಾಕ ಬರತಿತ್ತು. ಈಗ ಕಾಣೂದು ಬರೇ ಮೂಲ ಫೋಟೊ."

"ಹಿಂದಕ್ಕ ತರಾಕ ಬರೂದಿಲ್ಲೇನ?"

"ಅಪ್‌ಡೇಟಿಗಿಂತ ಮೊದಲ ಪೂರಾ ಕಾಪಿ ತಗದಿದ್ದರ ಬರತೈತಿ. ಹೋದ ವರ್ಷ ಸಿಕ್ಕಾಗ ಐದ ಕಾಪಿ ಅದಾವ, ಒಂದ ದುಬೈದಾಗ ಐತಿ ಅಂದಿದ್ದೆಲ್ಲ?"

ಬಸಗೊಂಡ ಫೋನು ಕೆಳಗಿಟ್ಟ. ಪಂಚಶೀಲಾ ಅವನ ಮುಖವನ್ನೇ ನೋಡುತ್ತಿದ್ದಳು. "ಒಂದೂ ಇಲ್ಲ, ಹೌದಿಲ್ರಿ?"

"ಇಲ್ಲ."

ಆಮೇಲೆ ಅವಳೇ ಸಮಾಧಾನ ಮಾಡಿದಳು. "ಹೋಗ್ಲಿ ಬಿಡ್ರಿ. ಮೂಲ ಫೋಟೊ ಆದರೂ ಉಳದಾವಲ್ಲ. ಎಲ್ಲಾರದೂ ಆಮ್ಯಾಲ ನೋಡೋಣು. ಚನ್ನವ್ವಾಯಿ ನಾಕಕ್ಕ ಬರತಾರ, ಅಣ್ಣಾರಾಯ ಕಾಕಾಂದು ಮೊದಲ ತೆರೀರಿ. ಕಣ್ಣ ನಾ ಕೂಡಸಾಕ ನೋಡ್ತೀನಿ. ಈಗ ಮೊಬೈಲಿನಾಗೂ ಆಕ್ಕೈತಿ ಅದು."

"ಬ್ಯಾಡ," ಎಂದ ಬಸಗೊಂಡ.

"ಯಾಕ್ರಿ?"

"ಬ್ಯಾಡ ಅಂದರ ಬ್ಯಾಡ."

ಅವಳು ಭುಜ ಹಾರಿಸಿ ತನ್ನ ಕೇಂದ್ರಕ್ಕೆ ಹೋದಳು. ಬಸಗೊಂಡ ಒಬ್ಬನೇ ಉಳಿದ. ಪರದೆಯ ಸಾಲುಗಳನ್ನು ಕೆಳಗೆ ಸರಿಸುತ್ತ ಹೋದ. ಕೊನೆಯ ಸಾಲಿಗೆ ಬಂದಾಗ, 'ಸೊರಡಿ ಅಣ್ಣಾರಾಯ' ಎಂಬ ಹೆಸರಿನ ಮೊದಲಕ್ಷರ ಕಂಡೊಡನೆ, ಕೈ ಸುಟ್ಟವನಂತೆ ಹಿಂದೆಗೆದ. ಒಂದು ವರ್ಷದಿಂದ ಅವನು ಸೊರಡಿಯ ದಾರಿಯನ್ನೇ ತುಳಿದಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಆ ಊರವರು ಆರತಿ ಎತ್ತಿ, ಹಾರ ಹಾಕಿ, ಮೂರು ದಿನ ಬಿಡುವುದೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಒಮ್ಮೆ ಬೇರೆ ದಾರಿಯೇ ಇಲ್ಲದೆ ಹೋಗಬೇಕಾಗಿ ಬಂದಾಗ, ಚನ್ನವ್ವನ ಮನೆಯ ತೆರೆದ ಬಾಗಿಲಿನೊಳಗೆ, ಆ ಫೋಟೊದ ಮುಂದೆ, ಒಂದು ದೀಪ ಉರಿಯುವುದು ಕಂಡಿತ್ತು. ಅಂದಿನಿಂದ ಅವನಿಗೊಂದು ಒಣಕೆಮ್ಮು ಹತ್ತಿ ಬಿಟ್ಟಿರಲಿಲ್ಲ.

ಮೂರೂವರೆ ಆಯಿತು. ಸಾಂಗಲಿಗೆ ತುರ್ತು ಕೆಲಸ ಬಂತು ಎಂದರಾಯಿತು. ಮಂತ್ರಿಯ ಮಗಳ ಮದುವೆ ಎಂದರಾಯಿತು. ಸೋಮವಾರ ದಾಟಿದರೆ ಆಮೇಲೆ ನೋಡಿಕೊಳ್ಳಬಹುದು. ಅವನು ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿ, ಒಳಗಿನಿಂದಲೇ ಶಟರನ್ನು ಅರ್ಧ ಎಳೆದ. ಬಿಸಿಲು ಕಡಿದು ಹೋಗಿ ಅಂಗಡಿಯಲ್ಲಿ ಅರೆಗತ್ತಲೆ ಆಯಿತು. ಪರದೆಯ ಬೆಳಕಿನಲ್ಲಿ ಕಣ್ಣು ಮುಚ್ಚಿದ ಮುಖಗಳ ಸಾಲು ಮಾತ್ರ ಉಳಿಯಿತು. ಬಗ್ಗಿ ಹೊರಗೆ ದಾಟಬೇಕು ಎನ್ನುವಾಗ, ಶಟರಿನ ಕೆಳಗೆ ಎರಡು ಪಾದಗಳು ಬಂದು ನಿಂತವು. ಧೂಳು ಮೆತ್ತಿದ, ಬಿರಿದ ಹಿಮ್ಮಡಿಯ, ಬರಿಯ ಪಾದಗಳು.

"ಬಸಗೊಂಡಾ, ಒಳಗ ಅದಿಯೇನೊ?"

ಶಟರು ಮೇಲೆ ಹೋಯಿತು. ಚನ್ನವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು. "ಮಗಾ ಮಲ್ಲಿನಾಥ ಗಾಡಿ ಮ್ಯಾಲ ತಂದ ಬಿಟ್ಟ. ಹೂವಿನಂಗಡಿಗೆ ಹೋಗ್ಯಾನ. ನಾಕಕ್ಕ ಅಂದಿದ್ದಿ, ನಾ ಲಗೂನ ಬಂದೆ."

ಬಸಗೊಂಡ ಮೈಯೆಲ್ಲ ಬಾಯಾಗಿ ಶುರು ಮಾಡಿದ. ದಿಲ್ಲಿಯಿಂದ ಅಪ್‌ಡೇಟು ಬಂತು, ದೇಶದ ಅರ್ಧ ಕಂಪ್ಯೂಟರುಗಳು ಸತ್ತವು, ಮುಂಬೈಯಲ್ಲಿ ವಿಮಾನಗಳೇ ಏರಲಿಲ್ಲ, ಮುತ್ಯಾ ಒಬ್ಬನೇ ಹನ್ನೆರಡು ತಾಸು ಕಾದಾಡಿ ಪ್ರಾಣ ಬಿಟ್ಟ, ಹೋಗುವ ಮುಂದೆ ತೆರೆಸಿದ ಕಣ್ಣುಗಳನ್ನೆಲ್ಲ ಜೊತೆಗೆ ಒಯ್ದ, ಎಂದ. ಅವನ ದನಿ ಕೇಳಿ ಪಂಚಶೀಲಾ ಬಂದು ಬಾಗಿಲಿಗೆ ಆನಿ ನಿಂತಳು.

ಚನ್ನವ್ವ ಎಲ್ಲವನ್ನೂ ಕೇಳಿ, "ಅಂದರ ಫೋಟೊ ಹೋತೇನು?" ಎಂದಳು. ಅವಳ ಕೈ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು.

"ಫೋಟೊ ಹೋಗಿಲ್ರಿ ಆಯಿ," ಎಂದಳು ಪಂಚಶೀಲಾ. "ಕಣ್ಣ ತೆರದದ್ದು ಹೋಗೈತಿ. ಮೂಲ ಫೋಟೊ ಹಂಗ ಐತಿ."

"ಕಣ್ಣ ಮುಚ್ಚಿದ್ದ?"

"ಹೂಂರಿ."

ಚನ್ನವ್ವನ ಕೈ ಸಡಿಲಾಯಿತು. "ಅಷ್ಟ ಹೌದಿಲ್ಲೊ? ಹಂಗಂದರ ಅದನ್ನ ಕೊಡು. ಅವ್ರ ಕಣ್ಣ ಮುಚ್ಚಿದಾಕಿ ನಾನ ಬಸಗೊಂಡಾ. ಈ ಎರಡ ಬೆರಳಿಲೆ ಮುಚ್ಚೀನಿ. ನನಗೇನ ಅಂಜಿಕಿಲ್ಲ. ಖರೇ ಹೇಳಬೇಕಂದರ, ನೀ ತೆರಸಿದ ಆ ಕಣ್ಣ ನನಗ ವರ್ಷಾತು ಹೊಂದಲಿಲ್ಲ. ದೀಪಾ ಹಚ್ಚುವಾಗ ನೋಡತಾವು, ಆದರ ನನ್ನ ನೋಡೂದಿಲ್ಲ."

"ಜೀವ ಹೋದ ಮ್ಯಾಲ ಮುಖಾ ಬ್ಯಾರೆ ಆಕ್ಕೈತ್ರಿ ಎವ್ವಾ. ಅವತ್ತ ಹೇಳಿದ್ದೆನಲ್ಲ," ಎಂದ ಬಸಗೊಂಡ.

"ಹೇಳಿದ್ದಿ. ಅದಕ್ಕ ಸುಮ್ಮನಿದ್ದೆ. ಈಗ ಮೂಲದ್ದ ತೋರಸು. ನಾನ ನೋಡ್ತೀನಿ."

"ನಾಳಿಗಿ ಬರ್ರಿ, ನಾ ಚಲೋತ್ನಂಗ..."

"ಒಂದ ನಿಮಿಷದ ಕೆಲಸಾ ಕಾಕಾ," ಎಂದು ಪಂಚಶೀಲಾ ಒಳಗೆ ಬಂದು ಮೌಸಿಗೆ ಕೈ ಹಾಕಿದಳು. ಬಸಗೊಂಡ ಟೇಬಲಿನ ಹಿಂದೆ ಬಗ್ಗಿ, ಫ್ಯಾನಿಗೂ ಕಂಪ್ಯೂಟರಿಗೂ ಒಂದೇ ಆಗಿದ್ದ ಗೋಡೆಯ ಪ್ಲಗ್ಗಿಗೆ ಕೈ ಹಾಕಿ ವಾಯರು ಕಿತ್ತ. ಫ್ಯಾನು ನಿಧಾನವಾಗಿ ನಿಂತಿತು. ಕಂಪ್ಯೂಟರು ಮಾತ್ರ ಆರಲಿಲ್ಲ. ಕೆಳಗಿದ್ದ ಯುಪಿಎಸ್ಸು ಟೀಂ... ಟೀಂ... ಎಂದು ಕೂಗತೊಡಗಿತು. ಇಡೀ ಕರಜಗಿಯ ಲೈಟು ಎಂಟು ದಿನ ಹೋದರೂ ನನ್ನದು ನಡೆಯುತ್ತದೆ ಎಂದು ಅವನು ಊರೆಲ್ಲ ಸಾರಿದ್ದ ಯುಪಿಎಸ್ಸು. ಅವನ ಬಡಾಯಿಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು.

ಪಂಚಶೀಲಾ ಕೊನೆಯ ಸಾಲಿನ ಆ ಹೆಸರನ್ನು ಒತ್ತಿದಳು.

ಪರದೆಯ ತುಂಬ ಒಬ್ಬ ಮನುಷ್ಯ ಕುಳಿತಿದ್ದ. ಹೊಸ ಧೋತರ. ಹಣೆಗೆ, ತೋಳಿಗೆ ವಿಭೂತಿ. ತಲೆಗೆ ರುಮಾಲು. ಬೆನ್ನು ಗೋಡೆಗೆ ಆನಿತ್ತು, ಕತ್ತು ಒಂದಿಷ್ಟು ಬಲಕ್ಕೆ ವಾಲಿತ್ತು, ಕಣ್ಣು ಮುಚ್ಚಿದ್ದವು. ಹಿಂದೆ ಸೊರಡಿಯ ಮನೆಯ ಕಲ್ಲಿನ ಗೋಡೆಯಿರಲಿಲ್ಲ. ಸ್ಟುಡಿಯೊದ ಗುಲಾಬಿ ಬಣ್ಣದ ಗೋಡೆಯಿತ್ತು, ಅದರ ಮೇಲೆ ಈಗಲೂ ಅಂಗಡಿಯಲ್ಲಿ ತೂಗುತ್ತಿರುವ ಗಡಿಯಾರ ಇತ್ತು.

ಟೀಂ... ಟೀಂ... ಎಂದಿತು ಯುಪಿಎಸ್ಸು.

ಚನ್ನವ್ವ ಎದ್ದು ಪರದೆಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ, ಟೇಬಲಿನ ಹಿಂದೆ ಕಿತ್ತ ವಾಯರು ಹಿಡಿದು, ಗೋಡೆಗೆ ಬೆನ್ನು ಆನಿಸಿ ಕುಕ್ಕರಿಸಿದ್ದ ಬಸಗೊಂಡನನ್ನು ನೋಡಿದಳು. ಮತ್ತೆ ಪರದೆ ನೋಡಿದಳು. ಬಸಗೊಂಡನೂ ನೋಡಿದ. ಇಬ್ಬರು ಹೆಂಗಸರ ಎದುರು, ಹಾಡುಹಗಲಿನಲ್ಲಿ, ಅವನು ತನ್ನ ಮುಂದೆ ತಾನೇ ಸತ್ತು ಕುಳಿತಿದ್ದ.

"ಇದು ನೀನ ಅದಿಯಲ್ಲೊ," ಎಂದಳು ಚನ್ನವ್ವ.

ಬಸಗೊಂಡ ಕಿತ್ತ ವಾಯರನ್ನು ಅಂಗೈಗೆ ಸುತ್ತತೊಡಗಿದ.

"ನನ್ನ ಟಗರಿಗಿ ತಿಳೀತು. ನನಗ ತಿಳೀಲಿಲ್ಲ," ಎಂದಳು ಆಕೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಅಂಜಿಕೆ ತಂದಿತು. "ಒಂದ ವರ್ಷ ನಿನ್ನ ಮುಂದ ದೀಪಾ ಹಚ್ಚೀನಲ್ಲೊ ಬಸಗೊಂಡಾ. ಜ್ವಾಳಾ ಹೆಂಗ ಬಂದಾವ, ಮೊಮ್ಮಗಳಿಗಿ ಹಲ್ಲ ಬಂತು, ಎಲ್ಲಾ ನಿನಗ ಹೇಳೀನಲ್ಲೊ. ಅವ್ರು ಎಲ್ಲಿ?"

"ಕಾರ್ಡ ಇರಲಿಲ್ರಿ ಎವ್ವಾ."

"ಯಾ ಕಾರ್ಡ?"

"ಕ್ಯಾಮೆರಾದಾಗ ಫೋಟೊ ಬಂದು ಕೂಡೂ ಕಾರ್ಡ. ಅವತ್ತ ಮುಂಜಾನಿ ಮದಿವಿ ಫೋಟೊ ಇಳಸಾಕಂತ ತಗದು ಈ ಕಂಪ್ಯೂಟರಿಗೇ ಹಚ್ಚಿದ್ದೆ. ನಿಮ್ಮ ಮನೀಂದ ಫೋನ್ ಬಂತು. ಹಂಗ ಎದ್ದು ಬಂದೆ. ನಲವತ್ತ ಸಲ ಬಟನ್ ಒತ್ತೀನ್ರಿ. ಸಪ್ಪಳಾ ಬಂತು, ಲೈಟ್ ಹೊಡೀತು. ಒಂದೂ ಮೂಡಲಿಲ್ಲ."

"ಅಲ್ಲೇ ಯಾಕ ಹೇಳಲಿಲ್ಲ?"

"ಇಲ್ಲಿ ಬಂದ ಮ್ಯಾಲ ತಿಳೀತ್ರಿ. ಅಷ್ಟೊತ್ತಿಗಿ ನೀವು ಮಣ್ಣ ಕೊಟ್ಟಿದ್ದಿರಿ."

ಪಂಚಶೀಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಬಸಗೊಂಡ ನೆಲ ನೋಡುತ್ತ ಮುಂದುವರಿಸಿದ. ಮೊಬೈಲು ತೆಗೆದವರನ್ನೂ ತಾನೇ ಗದರಿಸಿದ್ದು, ಹೋಗಿ ಹೇಗೆ ಹೇಳುವುದು ಎಂದು ತಿಳಿಯದೆ ಈ ಗೋಡೆಗೆ ಆನಿ ತಾನೇ ಕುಳಿತದ್ದು, ಕ್ಯಾಮೆರಾಕ್ಕೆ ಹತ್ತು ಸೆಕೆಂಡಿನ ಗಡುವು ಹಚ್ಚಿ ಉಸಿರು ಹಿಡಿದದ್ದು, ಕಣ್ಣು ತೆರೆದರೆ ತನ್ನ ಗುರುತು ಸಿಗುತ್ತದೆಂದು ಮುಚ್ಚಿದ್ದು, ಮಲ್ಲಿನಾಥನಿಗೆ ಅಪ್ಪನ ಕಣ್ಣೇ ಬಂದಿವೆ ಎಂದು ಯಾರೋ ಅಂದದ್ದಕ್ಕೆ ಅವನ ಮದುವೆಯ ಫೋಟೊದಿಂದ ಕಣ್ಣು ತೆಗೆದು ಹಚ್ಚಿದ್ದು, ಸುಕ್ಕು ಎಳೆದದ್ದು, ಮೀಸೆ ಬೆಳ್ಳಗೆ ಮಾಡಿದ್ದು. "ಸಾವಿರದ ಒಂಬತ್ತ ಮಂದೀದು ತೆರಸಿಲ್ರಿ. ಎಲ್ಲಾ ಕೂಡಿ ಎಂಬತ್ತಾರು. ಯಾರೂ ಮಾತಾಡಿಲ್ಲ. ನೀವು ನನ್ನ ಮುಂದ ದೀಪಾ ಹಚ್ಚಿದ್ದ ನೋಡಿದ ದಿನದಿಂದ ನನ್ನ ಆಯುಷ್ಯ ಸೋರಾಕತ್ತೈತಿ ಅನಸತೈತಿ. ಕೆಮ್ಮಿದಾಗೊಮ್ಮೆ ಅಂಜತೀನಿ."

ಚನ್ನವ್ವ ಸ್ಟೂಲನ್ನು ಎಳೆದು ಅವನ ಎದುರಿಗೆ ತಂದು ಕುಳಿತಳು.

"ನಲವತ್ತ ಸಲ ನೋಡಿದ್ದಿಯಲ್ಲ, ಆ ಗಾಜಿನಾಗ. ಅವತ್ತ ಕೂಡಿಸಿದ ಮ್ಯಾಲ ಅವ್ರನ್ನ ಅಷ್ಟ ಹತ್ತರಿಂದ ನಾನೂ ನೋಡಿಲ್ಲ. ಮಂದಿ ನನ್ನ ಹಿಂದ ಹಿಡಕೊಂಡ ಕುಂತಿದ್ದರು. ಹೆಂಗ ಇದ್ದರು ಹೇಳು. ಒಂದ ಮಾತು ಹೆಚ್ಚಿಗಿ ಹೇಳಬ್ಯಾಡ."

ಬಸಗೊಂಡ ವಾಯರನ್ನು ಕೆಳಗಿಟ್ಟ. "ಕಟ್ಟಿ ಮ್ಯಾಲ ಕೂಡಿಸಿದ್ದರು. ಬಲಗಡಿಯಿಂದ ಬಿಸಲ ಬೀಳತಿತ್ತು. ಮುಖದಾಗ ಸೂರ್ಯಾನಂಥಾ ತೇಜ..."

"ಬಸಗೊಂಡಾ."

ಅವನು ಮಾತನ್ನು ಅಲ್ಲಿಗೇ ಬಿಟ್ಟ. ಯುಪಿಎಸ್ಸಿನ ಕೂಗು ಒಂದು ಸಲ ಉದ್ದವಾಗಿ ಎಳೆದು ನಿಂತಿತು. ಪರದೆ ಕಪ್ಪಾಯಿತು. ಕತ್ತು ವಾಲಿಸಿ ಕುಳಿತಿದ್ದವನು ಹೋದ.

"ತೇಜ ಇರಲಿಲ್ರಿ. ಕಪ್ಪಾಗಿತ್ತು. ಜ್ವರದಾಗ ಗಲ್ಲ ಒಳಗ ಹೋಗಿದ್ದವು. ಗಡ್ಡಾ ಮಾಡಿದ್ದರು, ಎಡಗಡೀಗಿ ಒಂದೀಟ ಉಳದಿತ್ತು. ತುಟಿ ಪೂರಾ ಕೂಡಿರಲಿಲ್ಲ, ಮುಂದಿನ ಒಂದ ಹಲ್ಲ ಕಾಣತಿತ್ತು. ಎಡಗಿವಿ ಹರದಿತ್ತು, ಹಳೇ ಗಾಯ. ಅದರ ಮ್ಯಾಲ ನೊಣಾ ಕುಂದರತಿತ್ತು. ನೀವು ಹಿಂದಿಂದ ಕೈ ಚಾಚಿ ಸೆರಗಿಲೆ ಓಡಸತಿದ್ದಿರಿ, ಅದು ತಿರಗಿ ಬಂದು ಅಲ್ಲೇ ಕುಂದರತಿತ್ತು."

"ಹೌದು," ಎಂದಳು ಚನ್ನವ್ವ. "ಆ ಕಿವಿ. ಹೇಳು."

"ರುಮಾಲ ಒಂದ ಕಡಿ ವಾಲಿತ್ರಿ. ಅವ್ರು ಕೈ ಎತ್ತಲಿಲ್ಲ, ಸರಿ ಮಾಡಕೊಳ್ಳಲಿಲ್ಲ. ಸತ್ತಿದ್ದರು. ನಾ ಸರಿ ಮಾಡಬೇಕಿತ್ತು. ಆಮ್ಯಾಲ ಕಂಪ್ಯೂಟರಿನಾಗ ಮಾಡಿದರಾತು ಅಂತ ಹಂಗ ಬಿಟ್ಟೆ."